ನಾಲ್ಕು ಇಪ್ಪತ್ತರ ಬೋಟು

ಬಂದರಿನಿಂದ ಬೆಂಗ್ರೆಗೆ ಏಳು ನಿಮಿಷ,
ಸೆಳೆತ ಜೋರಿದ್ದರೆ ಒಂಬತ್ತು.
ಅಷ್ಟರೊಳಗೆ ಇಡೀ ದಿನದ ಶಾಲೆಯನ್ನು
ನನ್ನ ಹಲಗೆಯ ಮೇಲೆ ಕೊಡವುತ್ತಾರೆ ಮಕ್ಕಳು,
ಬಲೆ ಕೊಡವಿದ ಹಾಗೆ:
ಅರ್ಧ ಸಮೀಕರಣ, ಬೇಸಾಯದ ಎರಡು ಹಂಗಾಮು,
ಬಾಲ ತುಂಡಾದ ಒಂದು ಪದ್ಯ,
ಇನ್ನೂ ಒದ್ದಾಡುತ್ತಿರುವ ಹಿಂದಿ.

ನಾವ್ ಸ್ತ್ರೀಲಿಂಗ, ಜಹಾಜ್ ಪುಲ್ಲಿಂಗ,
ಕಣ್ಣು ಮುಚ್ಚಿ ಬೈಹಾರ್ಟ್ ಹೊಡೆಯುತ್ತಾನೆ ಅಫ್ರಾಝ್.
ಹಾಗಾದರೆ ಇದು? ಎಂದೆ, ಬೋಟಿನ ಅಂಚು ತಟ್ಟಿ.
ಮೂರು ಜನ ಯೋಚಿಸಿದರು.
ಇಂಜಿನ್ ಇದ್ದರೆ ಏನಂತ ಟೀಚರ್ ಹೇಳಲಿಲ್ಲ ಅಂಕಲ್.

ಎಂಟನೆಯ ಕ್ಲಾಸಿನ ನಿಹಾಲ್ ಪುತ್ರನ್‌ಗೆ ನಾಳೆ ಗಣಿತ ಟೆಸ್ಟು.
ಒಂದು ದೋಣಿ ಹೊಳೆಯ ಜೊತೆ ಇಷ್ಟು ಹೊತ್ತು,
ಹೊಳೆಗೆ ಎದುರಾಗಿ ಇಷ್ಟು ಹೊತ್ತು.
ಹರಿವಿನ ವೇಗ ಬದಲಾಗದು ಎಂದು ಭಾವಿಸಿ.
ಯಾರು ಮಾರಾಯ ಭಾವಿಸಿದ್ದು?
ಈ ಅಳಿವೆಯಲ್ಲಿ ದಿನಕ್ಕೆರಡು ಸಲ
ಹೊಳೆಯೇ ಮನಸ್ಸು ಬದಲಿಸಿ ಹಿಂದಕ್ಕೆ ನಡೆಯುತ್ತದೆ.
ಇಪ್ಪತ್ತಾರು ವರ್ಷ ಚುಕ್ಕಾಣಿ ಹಿಡಿದವ,
ನನಗೆ ಉತ್ತರ ಬರಲಿಲ್ಲ.
ಅವನಿಗೆ ಬಂತು. ಗಂಟೆಗೆ ಎರಡು ಕಿಲೋಮೀಟರ್.
ಪುಸ್ತಕದ ಹಿಂದೆಯೂ ಅದೇ ಉಂಟು, ನೋಡಿದೆ.

ಧನ್ವಿ ಮೆಂಡನ್‌ಳ ಬಿಳಿ ಶರ್ಟಿನ ಮೇಲೆ ಕೆಂಪು ಕಲೆ.
ಗಾಯ ಅಲ್ಲ, ಪ್ರತ್ಯಾಮ್ಲ, ಅನ್ನುತ್ತಾಳೆ ಗತ್ತಿನಲ್ಲಿ.
ಮಧ್ಯಾಹ್ನ ಸಾಂಬಾರು ಚೆಲ್ಲಿತು, ಅರಿಶಿನ;
ನಳ್ಳಿಯ ಅಡಿ ಸೋಪು ಉಜ್ಜಿದಳು, ಕೆಂಪಾಯಿತು;
ಅಳಲು ಹೊರಟವಳನ್ನು ವಿಜ್ಞಾನದ ಟೀಚರು
ಕರಿಹಲಗೆಯ ಎದುರು ನಿಲ್ಲಿಸಿ
ಶರ್ಟಿನ ಮೇಲೆಯೇ ಪಾಠ ಮುಗಿಸಿದರಂತೆ.
ನಿಂಬೆ ಹಿಂಡಿದರೆ ಮತ್ತೆ ಹಳದಿ.
ಅಮ್ಮನಿಗೆ ಏನು ಹೇಳುವುದು,
ಅದು ಮಾತ್ರ ಸಿಲೆಬಸ್ಸಿನಲ್ಲಿ ಇಲ್ಲ.

ಇಂಗ್ಲಿಷಿನಲ್ಲಿ ನಿನ್ನೆಗೆ ಬೇರೆಯೇ ಮಾತು.
ಕ್ಯಾಚ್ಡ್ ಅಲ್ಲವಂತೆ, ಕಾಟ್.
ನಾಳೆ ಹಿಡಿಯುವ ಮೀನು ಕ್ಯಾಚ್, ನಿನ್ನೆ ಹಿಡಿದದ್ದು ಕಾಟ್.
ಅಪ್ಪ ಬರಿಗೈಯಲ್ಲಿ ಬಂದದ್ದಕ್ಕೆ ಏನನ್ನುವುದು?
ಕೇಳಿದ್ದು ಆರನೆಯ ಕ್ಲಾಸಿನ ಲಿಖಿತ್.
ದೊಡ್ಡವರು ಅವನ ಟೋಪಿ ಎಳೆದರು.

ನನಗೆ ನೆನಪಿರುವ ಪಾಠ ಒಂದೇ, ಆಗಮ ಸಂಧಿ.
ಏಳರಲ್ಲಿ ಶಾಲೆ ಬಿಟ್ಟೆ, ಬೂತಾಯಿಯ ಸೀಸನ್ನಿನಲ್ಲಿ.
ಹೊಳೆ ಒಂದು ಕಡೆ, ಅನ್ನು ಒಂದು ಕಡೆ,
ಸ್ವರಕ್ಕೆ ಸ್ವರ ಮುಖಾಮುಖಿಯಾದರೆ ಬಾಯಿಗೆ ಕಷ್ಟ;
ನಡುವೆ ಒಂದು ಯ ಬಂದು ಕೂರುತ್ತದೆ. ಹೊಳೆಯನ್ನು.
ಈಚೆಯ ಪದದಲ್ಲೂ ಇಲ್ಲ ಅದು, ಆಚೆಯದರಲ್ಲೂ ಇಲ್ಲ.
ಒಮ್ಮೆ ಪಾಸು ನೋಡುವುದು ಮರೆತು ಇದನ್ನು ಹೇಳಿಬಿಟ್ಟೆ.
ಅಂದಿನಿಂದ ನನ್ನ ಹೆಸರು ಯ ಅಂಕಲ್.

ಶಮ್ನಾ ಮಾತ್ರ ಇವತ್ತು ಮಾತಾಡಲಿಲ್ಲ.
ಮಡಿಲಲ್ಲಿ ಜಿಲ್ಲೆಯ ನಕ್ಷೆ:
ಕಡಲಿಗೆ ನೀಲಿ, ಹೊಳೆಗಳಿಗೆ ತೆಳು ನೀಲಿ,
ನೇತ್ರಾವತಿ, ಫಲ್ಗುಣಿ, ಮಂಗಳೂರಿಗೊಂದು ಚುಕ್ಕೆ.
ಬೆಂಗ್ರೆ ಎಲ್ಲಿ ಸರ್ ಎಂದು ಕೇಳಿದಳಂತೆ.
ಸಮಾಜದ ಸರ್ ಕನ್ನಡಕ ತೆಗೆದು, ಒರೆಸಿ, ಹಾಕಿ,
ಕಡಲಂಚಿನ ಪೆನ್ಸಿಲ್ ಗೆರೆ ತೋರಿಸಿ
ಈ ಗೆರೆಯ ದಪ್ಪದೊಳಗೆ ಉಂಟಮ್ಮ ನಿನ್ನ ಊರು, ಅಂದರಂತೆ.

ಸುಳ್ಳು ಅಂತ ಹೇಗೆ ಹೇಳಲಿ.
ಆಚೆ ಕಡಲು, ಈಚೆ ಹೊಳೆ, ನಡುವೆ
ಮಸೀದಿ, ಭಜನಾ ಮಂದಿರ, ಎರಡು ಸೆಲೂನು,
ಒಣಗಲು ಹಾಕಿದ ಮೀನು, ಒಣಗಲು ಹಾಕಿದ ಯೂನಿಫಾರ್ಮು,
ಅವಳ ಉಮ್ಮನ ಬೀಡಿಯ ಗೆರಸೆ, ನನ್ನ ಮನೆಯ ದಣಪೆ,
ಎಲ್ಲ ಒಂದು ಮೊಂಡು ಪೆನ್ಸಿಲಿನ ಅಡಿಗೆ.

ಜೆಟ್ಟಿ ಹತ್ತಿರ ಬಂತು, ಇಂಜಿನ್ ತಗ್ಗಿಸಿದೆ.
ಆಗ ಕೇಳಿತು, ಕರಕರ.
ಶಮ್ನಾ ಶಾರ್ಪ್‌ನರ್ ತಿರುಗಿಸುತ್ತಿದ್ದಾಳೆ.
ಮರದ ಸುರುಳಿಗಳು ನೀರಿಗೆ ಬಿದ್ದು
ಯಾವ ಕಡೆ ಹೋಗುವುದೆಂದು ಒಂದು ಗಳಿಗೆ ನಿಂತವು.
ಸಾಕು, ಮುರಿಯುತ್ತದೆ, ಎಂದೆ.
ಇನ್ನೂ ಸ್ವಲ್ಪ ಯ ಅಂಕಲ್, ಎಂದಳು.
ಹಗ್ಗ ಕಟ್ಟುವ ಮೊದಲೇ
ಉಳಿದವರೆಲ್ಲ ದಡಕ್ಕೆ ಹಾರಿ ಆಗಿತ್ತು.